ಬಾಡದ ಕೈ

ಆ ಊರಿನಲ್ಲಿ ಮಾತು ಕೊಡುವವರು ಹೂವನ್ನೂ ಕೊಡಬೇಕಿತ್ತು. ಬರಿ ಬಾಯಲ್ಲಿ ಆಡಿದ ಮಾತು ಗಾಳಿಗೆ ಸೇರಿದ್ದು, ಹೂವಿನ ಜೊತೆ ಆಡಿದ ಮಾತು ಮನೆಗೆ ಸೇರಿದ್ದು ಎನ್ನುತ್ತಿದ್ದರು. ಮಗಳನ್ನು ಕೊಡುತ್ತೇನೆ ಎಂದವನು ಹೂವು ಕೊಡುತ್ತಿದ್ದ. ಕಾಯುತ್ತೇನೆ ಎಂದವಳು ಹೂವು ಕೊಡುತ್ತಿದ್ದಳು. ಇನ್ನು ನಿನ್ನ ಮನೆ ಕಡೆ ತಲೆ ಹಾಕುವುದಿಲ್ಲ ಎಂದು ಜಗಳದಲ್ಲಿ ಕೂಗಿದವನೂ, ಕೂಗಿದ ಮೇಲೆ ಹಿತ್ತಲಿಗೆ ಹೋಗಿ ಒಂದು ಹೂವು ಕಿತ್ತು ತಂದು ಕೊಟ್ಟೇ ಹೋಗುತ್ತಿದ್ದ. ತೆಗೆದುಕೊಂಡವರು ಅದನ್ನು ಒಣಗಿಸಿ ಇಟ್ಟುಕೊಳ್ಳುತ್ತಿದ್ದರು. ಹೂವು ನಿಂತಿರುವಷ್ಟು ಕಾಲ ಮಾತೂ ನಿಲ್ಲಬೇಕು. ಹೂವು ತಾನಾಗಿ ಉದುರಿದ ದಿನ ಮಾತೂ ಉದುರಿತು. ಆದರೆ ಉದುರುವ ಮೊದಲೇ ಅದನ್ನು ಕೈಯಾರೆ ಮುರಿದವರ ಜೊತೆ ಊರು ಮಾತಾಡುತ್ತಿರಲಿಲ್ಲ. ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ, ಊರು ಬಿಡಿಸುತ್ತಿರಲಿಲ್ಲ. ಮಾತಾಡುತ್ತಿರಲಿಲ್ಲ, ಅಷ್ಟೆ.

ಹಾಗೆಂದು ಅದು ಕಲ್ಲೆದೆಯವರ ಊರಲ್ಲ. ಪ್ರತಿ ಮನೆಯಲ್ಲೂ ಒಲೆಯ ಮಗ್ಗುಲ ಗೋಡೆಯಲ್ಲಿ ಒಂದು ಗೂಡು, ಗೂಡಿನಲ್ಲಿ ಒಂದು ಮಣ್ಣಿನ ಕುಡಿಕೆ, ಕುಡಿಕೆಯಲ್ಲಿ ಆ ಮನೆಯವರು ಪಡೆದ ಹೂವುಗಳು. ಒಲೆಯ ಹೊಗೆ ಅವಕ್ಕೆ ತಾಗುತ್ತಿತ್ತು. ಒಗ್ಗರಣೆಯ ಘಾಟು ತಾಗುತ್ತಿತ್ತು. ಮಳೆಗಾಲದಲ್ಲಿ ಗೋಡೆ ಬೆವರುತ್ತಿತ್ತು. ಕೆಲವು ಮಳೆಗಾಲ ಕಳೆಯುವುದರೊಳಗೆ ಎಂಥ ಹೂವೂ ಕಪ್ಪಾಗಿ, ಮೆತ್ತಗಾಗಿ, ಯಾರೋ ಬಾಗಿಲು ಜೋರಾಗಿ ಹಾಕಿದಾಗ ಸುಮ್ಮನೆ ಉದುರಿಬಿಡುತ್ತಿತ್ತು. ಜಗಳ ಆಡಿ ದೂರವಾಗಿದ್ದವರು ದಾರಿಯಲ್ಲಿ ಎದುರಾದಾಗ, “ನಮ್ಮನೇಲಿ ಹೂವು ಬಿತ್ತಪ್ಪ” ಎನ್ನುತ್ತಿದ್ದರು. “ಬಿತ್ತಾ? ಹಾಗಾದ್ರೆ ಊಟಕ್ಕೆ ಬಾ” ಎಂದು ಇನ್ನೊಬ್ಬರು ಕರೆಯುತ್ತಿದ್ದರು. ಮದುವೆಯ ಹೂವು ಬಿದ್ದ ಮನೆಯಲ್ಲಿ ಹೆಂಡತಿ ಅಂಗಳಕ್ಕೆ ಬಂದು, “ಹೂವು ಬಿತ್ತು ಕಣ್ರೀ!” ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ಗಂಡ ತಲೆ ಕೆರೆದುಕೊಂಡು ಹಿತ್ತಲಿಗೆ ಹೋಗಿ ಇನ್ನೊಂದನ್ನು ಕಿತ್ತು ತರುತ್ತಿದ್ದ. ಅವತ್ತು ಆ ಮನೆಯಲ್ಲಿ ಪಾಯಸ. ತರದೆ ಸುಮ್ಮನಾದವರೂ ಇದ್ದರು. ಅಂಥ ಮನೆಯಲ್ಲಿ ಒಂದಷ್ಟು ಅಳು, ಆಮೇಲೆ ಒಂದು ಬಿಡುಗಡೆ.

ಹೊಳೆಗೆ ಹತ್ತಿರದ ಕೊನೆಯ ಬೀದಿಯಲ್ಲಿ ಒಬ್ಬ ತಾಯಿ ತನ್ನ ಇಬ್ಬರು ಹೆಣ್ಣುಮಕ್ಕಳ ಜೊತೆ ಇದ್ದಳು. ಗಂಡ ಸತ್ತ ದಿನ ಆ ತಾಯಿ ಮೂಲೆ ಹಿಡಿದು ಕೂತಿದ್ದಾಗ ಚಿಕ್ಕ ಮಗಳು, ಇನ್ನೂ ಲಂಗದ ಲಾಡಿ ಕಟ್ಟಿಕೊಳ್ಳಲು ಬಾರದ ಮಗು, ಅಂಗಳದಿಂದ ಒಂದು ಕೋಳಿಜುಟ್ಟಿನ ಹೂವು ಕಿತ್ತು ತಂದು ಅವಳ ಮಡಿಲಲ್ಲಿ ಹಾಕಿ, “ಅವ್ವಾ, ನಾನು ನಿನ್ನ ಬಿಟ್ಟು ಎಲ್ಲೂ ಹೋಗಲ್ಲ” ಎಂದಿತು. ತಾಯಿ ಆ ಹೂವನ್ನು ಒಣಗಿಸಿ ಇಟ್ಟುಕೊಂಡಳು. ಕೋಳಿಜುಟ್ಟು ಹಟಮಾರಿ ಹೂವು. ಹೊಗೆಗೂ ಬಗ್ಗುವುದಿಲ್ಲ, ತೇವಕ್ಕೂ ಬಗ್ಗುವುದಿಲ್ಲ. ಮಗು ಹುಡುಗಿಯಾದಳು, ಹುಡುಗಿ ಹೆಣ್ಣಾದಳು, ಹೂವು ಮಾತ್ರ ಗೂಡಿನಲ್ಲಿ ಹಾಗೇ ಕೂತಿತ್ತು. ಆಚೆ ದಡದಿಂದ ಮಡಕೆ ಮಾರಲು ಬರುತ್ತಿದ್ದ ಕುಂಬಾರನೊಬ್ಬನ ಮೇಲೆ ಅವಳಿಗೆ ಮನಸ್ಸಾಯಿತು. ಅವಳು ಕಾದಳು. ಕುಂಬಾರನೂ ಕಾದ. ಕೊನೆಗೆ ಒಂದು ಬೆಳಗ್ಗೆ ಅವಳು ಗೂಡಿನಿಂದ ಹೂವು ತೆಗೆದು, ತಾಯಿಯ ಎದುರಿಗೇ ಅದನ್ನು ಅಂಗೈಯಲ್ಲಿ ಹಿಸುಕಿ ಪುಡಿ ಮಾಡಿ, ಪುಡಿಯನ್ನು ಅವಳ ಮಡಿಲಿಗೆ ಹಾಕಿ, ಹೊಳೆ ದಾಟಿ ಹೋದಳು.

ತಾಯಿ ಆ ದಿನವೇ ಹಾಸಿಗೆ ಹಿಡಿದಳು. ಉಸಿರು ಮೇಲೆ ಕೆಳಗೆ ಆಗುತ್ತಿದ್ದಾಗ ದೊಡ್ಡ ಮಗಳನ್ನು ಹತ್ತಿರ ಕರೆದಳು.

“ಅವಳು ಬರ್ತಾಳೆ. ಇವತ್ತಲ್ಲ ನಾಳೆ ಬಂದೇ ಬರ್ತಾಳೆ. ಬಂದರೆ ಈ ಹೊಸಿಲೊಳಗೆ ಬಿಟ್ಕೋಬೇಡ.”

“ಆಗಲಿ ಅವ್ವ.”

“ಬರಿ ಬಾಯಲ್ಲಿ ಬೇಡ.”

ದೊಡ್ಡವಳು ಅಂಗಳಕ್ಕೆ ಹೋಗಿ ಒಂದು ಹಳದಿ ಸೇವಂತಿಗೆ ಕಿತ್ತು ತಂದು ಅವಳ ಕೈಗಿಟ್ಟಳು. ತಾಯಿ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಕಣ್ಣು ಮುಚ್ಚಿದಳು.

ದೊಡ್ಡವಳು ಅವ್ವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹೂವನ್ನು ತೆಗೆದುಕೊಂಡಳು. ಅದು ಇನ್ನೂ ಬೆಚ್ಚಗಿತ್ತು. ಅವ್ವ ಕೊನೆಯದಾಗಿ ಹಿಡಿದದ್ದು ಇದು, ಇದು ಬಾಡಬಾರದು ಎಂದು ಅವಳಿಗನ್ನಿಸಿತು. ಒಲೆಯ ಪಕ್ಕದ ಗೂಡಿನಲ್ಲಿಡಲು ಮನಸ್ಸು ಬರಲಿಲ್ಲ. ಹೊಳೆಯ ಮರಳನ್ನು ತಂದು, ತೊಳೆದು, ಬಿಸಿಲಿಗೆ ಹರವಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದು, ಬಾಣಲೆಯಲ್ಲಿ ಹುರಿದು ಆರಿಸಿದಳು. ಅಗಲ ಬಾಯಿಯ ಮಡಕೆಯಲ್ಲಿ ಹೂವನ್ನು ನಿಲ್ಲಿಸಿ, ರಂಗೋಲಿ ಬಿಡುವಂತೆ ಬೆರಳ ಸಂದಿಯಿಂದ ಮರಳನ್ನು ಬಿಟ್ಟಳು. ಎಸಳು ಎಸಳಿನ ನಡುವೆ ಬಿಟ್ಟಳು. ಒಂದೆಸಳೂ ಮಡಚಿಕೊಳ್ಳದಂತೆ, ಒಂದೆಸಳೂ ಬಾಗದಂತೆ ಬಿಟ್ಟಳು. ಹೂವು ಪೂರ್ತಿ ಮುಚ್ಚಿದ ಮೇಲೆ ಮಡಕೆಯನ್ನು ಕತ್ತಲೆಯ ಅಟ್ಟದಲ್ಲಿಟ್ಟು, ಅಳುವುದಕ್ಕೆ ಕೂತಳು. ಅಳು ಮುಗಿಯಿತು ಎನ್ನಿಸಿದ ಒಂದು ದಿನ ಮಡಕೆಯನ್ನು ಓರೆ ಮಾಡಿ ಮರಳನ್ನು ನಿಧಾನಕ್ಕೆ ಸುರಿದಳು. ಒಳಗಿಂದ ಸೇವಂತಿಗೆ ಎದ್ದು ಬಂತು. ಅದೇ ಹಳದಿ, ಅದೇ ನಿಲುವು. ಮುಟ್ಟಿದರೆ ಮಾತ್ರ ಕಾಗದದ ಹಾಗೆ ಸರಪರ ಎನ್ನುತ್ತಿತ್ತು.

ಅಂಥ ಹೂವನ್ನು ಆ ಊರು ಕಂಡಿರಲಿಲ್ಲ. ನೋಡಲು ಬಂದವರು ಬಾಯ ಮೇಲೆ ಬೆರಳಿಟ್ಟರು. ಆಮೇಲೆ ತಮ್ಮ ತಮ್ಮ ಹೂವುಗಳನ್ನು ತಂದರು. ಗಟ್ಟಿ ಹೂವುಗಳನ್ನು ಅವಳು ಎಲೆ ಬಿಡಿಸಿ, ಸಣ್ಣ ಕಟ್ಟು ಕಟ್ಟಿ, ಜಂತಿಗೆ ತಲೆಕೆಳಗಾಗಿ ತೂಗುಹಾಕುತ್ತಿದ್ದಳು. ಹಾಗೆ ತೂಗಿದರೆ ಹೂವಿನ ಕತ್ತು ಬಾಗುವುದಿಲ್ಲ. ಮೆತ್ತನೆಯವನ್ನು ಮರಳಿನಲ್ಲಿ ಹೂಳುತ್ತಿದ್ದಳು. ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮುಂಚೆ ಕಿತ್ತದ್ದಾದರೆ ಮಾತ್ರ ತನ್ನಿ ಎನ್ನುತ್ತಿದ್ದಳು. ಜನ ಹಾಗೇ ತಂದರು. ಆತುರದ ಮಾತುಗಳೂ ಬೆಳಗಿನ ಹೊತ್ತಿಗೆ ಕಾದು ಕೂತವು. ಒಣಗಿದ ಮೇಲೆ ಮನೆಗೊಂದು ಕುಡಿಕೆಯಂತೆ ಜೋಡಿಸುತ್ತಿದ್ದಳು. ಮದುವೆಯ ಹೂವು ನಡುವೆ ಎತ್ತರಕ್ಕೆ, ಮಕ್ಕಳ ಹೂವುಗಳು ಅದರ ಮಗ್ಗುಲಿಗೆ, ಜಗಳದ ಹೂವುಗಳು ಹಿಂದಕ್ಕೆ, ಸಂದು ತುಂಬಲು ಒಣಹುಲ್ಲಿನ ತೆನೆ. ಮನೆಗೆ ಒಯ್ದರೆ ಹೊಗೆ ತಾಗಿ ಕೆಡುತ್ತದೆ, ಇಲ್ಲೇ ಇರಲಿ ಎಂದರು ಜನ. ಊರಿನ ಕುಡಿಕೆಗಳೆಲ್ಲ ಅವಳ ಅಟ್ಟ ಸೇರಿದವು. ಊರಿನ ಮಾತೆಲ್ಲ ಅವಳ ಅಟ್ಟ ಸೇರಿತು. ಅವಳನ್ನು ಬಾಡದಕ್ಕ ಎಂದು ಕರೆಯತೊಡಗಿದರು.

ಬಾಡದಕ್ಕ ಮದುವೆಯಾಗಲಿಲ್ಲ. ದಿನಾ ಬೆಳಗ್ಗೆ ಅಟ್ಟ ಹತ್ತಿ, ಕೋಳಿಪುಕ್ಕದ ತುದಿಯಿಂದ ಕುಡಿಕೆ ಕುಡಿಕೆಯ ಧೂಳು ಜಾಡಿಸುತ್ತಿದ್ದಳು. ಕೊನೆಯಲ್ಲಿ ಅವ್ವನ ಸೇವಂತಿಗೆ. ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು. ತನ್ನನ್ನು ಒಬ್ಬಳನ್ನೇ ಅವ್ವನ ಹಾಸಿಗೆಯ ಪಕ್ಕ ಬಿಟ್ಟು ಹೋದ ತಂಗಿಯ ನೆನಪಾಗುತ್ತಿತ್ತು. ಹೂವಿನ ಜೊತೆ ಆ ಸಿಟ್ಟೂ ಬಣ್ಣ ಕೆಡದೆ ಉಳಿದುಕೊಂಡಿತ್ತು.

ಕಾಲ ಹೋಯಿತು. ಊರಿನಲ್ಲಿ ಹೂವು ಬೀಳುವುದೇ ನಿಂತುಹೋಯಿತು. ಬೀದಿಯಲ್ಲಿ ನಿಂತು ಕೂಗುವ ಹೆಂಗಸರಿಲ್ಲ, ತಲೆ ಕೆರೆದುಕೊಂಡು ಹಿತ್ತಲಿಗೆ ಹೋಗುವ ಗಂಡಸರಿಲ್ಲ. ಹಿತ್ತಲುಗಳಲ್ಲಿ ಹೂವಿನ ಗಿಡ ನೆಡುವವರೂ ಕಡಿಮೆಯಾದರು. ಒಮ್ಮೆ ಕೊಟ್ಟರೆ ಸಾಕಲ್ಲ.

ಒಂದು ದಿನ ದೋಣಿಯವನು ಬಂದ. ಹೊಳೆಯ ಈಚೆ ದಡದಿಂದ ಆಚೆ ದಡಕ್ಕೆ ಜನರನ್ನು ದಾಟಿಸುವವನು ಅವನು. ಜಗಲಿಯ ಅಂಚಿನಲ್ಲಿ ಕೂತು, ತಲೆವಸ್ತ್ರ ತೆಗೆದು ಮೊಣಕಾಲ ಮೇಲಿಟ್ಟುಕೊಂಡ.

“ನಮ್ಮಣ್ಣನ ಮನೆ ಕುಡಿಕೆ ಒಂದ್ಸಲ ತೋರಿಸ್ತೀಯಾ ಅಕ್ಕಾ?”

ಬಾಡದಕ್ಕ ತಂದು ತೋರಿಸಿದಳು. ಹಿಂಭಾಗದಲ್ಲಿ ಒಂದು ಚೆಂಡುಹೂವು. ವಯಸ್ಸಿನ ಬಿಸಿಯಲ್ಲಿ, ನಿನ್ನ ಮನೆಯ ಅನ್ನ ಮುಟ್ಟುವುದಿಲ್ಲ ಎಂದು ದೋಣಿಯವನು ಅಣ್ಣನಿಗೆ ಕೊಟ್ಟದ್ದು.

“ಏನಕ್ಕೆ ಜಗಳ ಆಯ್ತೋ ಅವನಿಗೂ ನೆನಪಿಲ್ಲ, ನನಗೂ ನೆನಪಿಲ್ಲ,” ಎಂದ ಅವನು. “ಹೂವಿಗೆ ಮಾತ್ರ ನೆನಪಿದೆ ನೋಡು. ಅಣ್ಣನಿಗೆ ಮೈ ಸರಿಯಿಲ್ಲ. ಒಂದ್ಸಲ ಜೊತೇಲಿ ಕೂತು ಉಣ್ಣೋಣ ಕಣೋ ಅಂತ ಹೇಳಿ ಕಳಿಸಿದ್ದಾನೆ. ಒಂಚೂರು ತೇವ ತಾಗಿಸೋಕಾಗಲ್ವಾ? ಅಟ್ಟದ ಕಿಟಕಿ ಒಂದು ದಿನ ಮರೆತು ತೆಗೆದಿಟ್ಟರೆ?”

“ನನ್ನ ಕೈಗೆ ಕೊಟ್ಟ ಹೂವನ್ನ ನಾನೇ ಕೆಡಿಸಲಾ? ಅದೂ ಮುರಿದ ಹಾಗೇ ಅಲ್ವೇನಪ್ಪ?”

“ಮುರಿಯೋದಲ್ಲ ಅಕ್ಕಾ. ಬಾಡೋಕೆ ಬಿಡೋದು.”

“ನನ್ನ ಅಟ್ಟದಲ್ಲಿ ಯಾವುದೂ ಬಾಡಲ್ಲ,” ಎಂದಳು ಬಾಡದಕ್ಕ. ಅವಳ ದನಿಯಲ್ಲಿ ಹೆಮ್ಮೆಯಿತ್ತು. ದೋಣಿಯವನು ತಲೆವಸ್ತ್ರ ಸುತ್ತಿಕೊಂಡು ಎದ್ದು ಹೋದ.

ಇನ್ನೊಂದು ದಿನ ನೇಕಾರನ ಹೆಂಡತಿ ಬಂದಳು. ತನ್ನ ಮದುವೆಯ ಹೂವನ್ನು ಬಹಳ ಹೊತ್ತು ನೋಡಿದಳು.

“ಹೂವು ನೋಡಿದ್ರೆ ನಿನ್ನೆ ಕೊಟ್ಟ ಹಾಗಿದೆ. ಕೊಟ್ಟವನೇ ಬಾಡಿಹೋಗಿದ್ದಾನೆ.”

“ಕುಡೀತಾನಾ? ಕೈ ಮಾಡ್ತಾನಾ?”

“ಅಯ್ಯೋ, ಪಾಪ, ಇಲ್ಲ. ಮಗ್ಗದ ಮುಂದೆ ಕೂತ್ಕೋತಾನೆ, ಉಣ್ತಾನೆ, ಮಲಗ್ತಾನೆ. ಅವ್ವನ ಕಾಲದಲ್ಲಿ ಹೂವು ಬೀಳ್ತಿತ್ತು. ಅಪ್ಪ ಇನ್ನೊಂದು ತರ್ತಿದ್ದ. ಕೊಡುವಾಗ ಅವ್ವನ ಮುಖ ನೋಡಲೇಬೇಕಾಗ್ತಿತ್ತಲ್ಲ. ನನ್ನ ಗಂಡನಿಗೆ ನೋಡೋ ಕೆಲಸವೇ ಬೀಳಲಿಲ್ಲ ಅಕ್ಕಾ.”

ಬಾಡದಕ್ಕ ಕುಡಿಕೆಯ ಮೇಲೆ ಕೂತಿರದ ಧೂಳನ್ನು ಪುಕ್ಕದಿಂದ ಜಾಡಿಸಿದಳು.

ದೋಣಿಯವನ ಅಣ್ಣ ಸುಗ್ಗಿಯ ತಿಂಗಳಲ್ಲಿ ತೀರಿಕೊಂಡ. ತಿಥಿಯ ಊಟಕ್ಕೆ ಊರೇ ಕೂತಿತು. ಬಾಡದಕ್ಕನೂ ಹೋಗಿದ್ದಳು. ಪಂಕ್ತಿಯಲ್ಲಿ ಎಲೆ ಹಾಕಿದರು, ಅನ್ನ ಬಡಿಸಿದರು. ದೋಣಿಯವನು ಒಳಗೆ ಬರಲಿಲ್ಲ. ಅಂಗಳದ ಕಲ್ಲಿನ ಮೇಲೆ ಕೂತು, ಅಣ್ಣನ ಹೆಸರಿನ ಅನ್ನವನ್ನು ಊರವರು ಉಣ್ಣುವುದನ್ನು ನೋಡುತ್ತಿದ್ದ. ಚೆಂಡುಹೂವು ಅಟ್ಟದಲ್ಲಿ ನಿಂತೇ ಇತ್ತು. ಅವನ ಅತ್ತಿಗೆ ಒಂದು ಚೊಂಬು ನೀರು ತಂದು ಅವನ ಮುಂದಿಟ್ಟಳು. ಮಾತು ಕೊಟ್ಟದ್ದು ಅನ್ನಕ್ಕೆ, ನೀರಿಗಲ್ಲವಲ್ಲ, ಅವನು ನೀರು ಕುಡಿದ. ಬಾಡದಕ್ಕ ಉಣ್ಣುವುದನ್ನು ಅರ್ಧಕ್ಕೇ ಬಿಟ್ಟಳು. ಅವಳು ಎಲೆ ಮಡಿಸಿ ಎದ್ದಳು.

ಮಳೆಗಾಲ ಹಿಡಿಯುವ ಮುಂಚೆ ತಂಗಿ ಬಂದಳು. ದೋಣಿಯವನೇ ದಾಟಿಸಿದ್ದ, ಅವಳ ಗಂಟನ್ನು ಹೊತ್ತು ತಂದು ಜಗಲಿಯ ಮೇಲಿಟ್ಟ. ಮುರಿದವಳಾದ್ದರಿಂದ ದಾರಿಯುದ್ದಕ್ಕೂ ಅವಳ ಜೊತೆ ಒಂದು ಮಾತೂ ಆಡಿರಲಿಲ್ಲ. ಬಾಡದಕ್ಕ ಬಾಗಿಲು ತೆಗೆದಳು. ಎದುರಿಗೆ ಸೊರಗಿದ ಮೈ, ಗುಳಿಬಿದ್ದ ಕಣ್ಣು. ಬೆರಳ ಸಂದಿಯಲ್ಲಿ ತೊಳೆದರೂ ಹೋಗದ ಜೇಡಿಮಣ್ಣು.

“ಅಕ್ಕ.”

“ಬಂದೆಯಾ?”

“ಬಂದೆ. ಅವರು ಹೋಗಿಬಿಟ್ರು. ಜ್ವರ ಬಂದು ಹೋದ್ರು. ಮಡಕೆ ಮಾಡೋ ತಿಗರಿ ತಿರುಗಿಸೋಕೆ ನನ್ನ ಮೈಯಲ್ಲಿ ಶಕ್ತಿಯಿಲ್ಲ.” ತಂಗಿ ಹೊಸಿಲನ್ನು ನೋಡಿದಳು, ಕಾಲು ಎತ್ತಲಿಲ್ಲ. “ಅವ್ವನಿಗೆ ನೀನು ಮಾತು ಕೊಟ್ಟಿದ್ದು ಆಚೆ ದಡಕ್ಕೂ ಕೇಳಿತ್ತು. ಹೂವು ಇದೆಯಾ?”

“ಇದೆ.”

“ಹೇಗಿದೆ?”

“ಹಾಗೇ ಇದೆ.”

“ಇರತ್ತೆ. ನಿನ್ನ ಕೈ ಅಂಥದ್ದಂತೆ,” ಎಂದು ತಂಗಿ ಜಗಲಿಯ ಮೇಲೆ ಕೂತಳು.

ಬಾಡದಕ್ಕ ಚಾಪೆ ತಂದು ಹಾಸಿದಳು. ತೆಂಗಿನ ಗರಿಯ ತಡಿಕೆ ಕಟ್ಟಿದಳು. ಎಲೆಯಲ್ಲಿ ಊಟ ತಂದಿಟ್ಟು, ತಾನು ಹೊಸಿಲ ಒಳಗೆ ಕೂತು ಉಂಡಳು. ಬೀದಿಯಲ್ಲಿ ಹೋಗುವವರು ತಂಗಿಯನ್ನು ಕಂಡು ಕಣ್ಣು ಕೆಳಗೆ ಹಾಕುತ್ತಿದ್ದರು. ಒಡಹುಟ್ಟಿದವಳ ಜೊತೆ ಪೂರ್ತಿ ಮಾತು ಬಿಡಲಾಗದೆ, ಮೊದಮೊದಲು ಅಕ್ಕ ತೀರಾ ಬೇಕಾದಷ್ಟೇ ಮಾತಾಡುತ್ತಿದ್ದಳು. ಬಿಸಿನೀರು ಬೇಕಾ, ಸಾರು ಸಾಕಾ, ಅಷ್ಟೇ. ಆದರೆ ತಂಗಿಗೆ ಸುಮ್ಮನೆ ಕೂರಲು ಬಾರದು. ಒಣಗಿಸಲು ಬಂದ ಹೂವುಗಳನ್ನು ತನ್ನ ಕಡೆ ಎಳೆದುಕೊಂಡು, ದಂಟಿನ ಎಲೆ ಬಿಡಿಸಿ, ಹೊಸಿಲಾಚೆಯಿಂದ ಒಳಗೆ ದಾಟಿಸತೊಡಗಿದಳು. ಅಕ್ಕ ತೆಗೆದುಕೊಂಡು ಕಟ್ಟು ಕಟ್ಟುತ್ತಿದ್ದಳು. ಬೆಳಗೆಲ್ಲ ಹೂವುಗಳು ಹೊಸಿಲು ದಾಟುತ್ತಿದ್ದವು. ತಂಗಿ ದಾಟುತ್ತಿರಲಿಲ್ಲ.

ಹಾಗೆ ಕೆಲಸ ಮಾಡುತ್ತಾ ಒಂದು ಬೆಳಗ್ಗೆ ತಂಗಿ ಹೇಳಿದಳು, “ಆ ಕೋಳಿಜುಟ್ಟು ಬೀಳಲಿ ಅಂತ ಎಷ್ಟು ಕಾದಿದ್ದೆ ಗೊತ್ತಾ? ಬೆಳಗೆದ್ದರೆ ಗೂಡು ನೋಡೋದು. ಒಲೆ ಊದುವಾಗ ಹೊಗೆಯೆಲ್ಲ ಅದರ ಕಡೆ ಹೋಗೋ ಹಾಗೆ ಊದೋದು.”

ಬಾಡದಕ್ಕನ ಕೈ ನಿಂತಿತು. ಅವಳು ಮೆಲ್ಲಗೆ ಹೇಳಿದಳು, “ನಾನೂ ಊದ್ತಿದ್ದೆ.”

“ನೀನಾ?”

“ನೀನು ನೀರಿಗೆ ಹೋದಾಗ. ಹಸಿ ಸೌದೆ ಇಟ್ಟು ಊದ್ತಿದ್ದೆ. ಅವ್ವ ಬೈಯ್ತಿದ್ದಳು, ಈ ಹುಡುಗಿಗೆ ಒಲೆ ಹಚ್ಚೋಕೂ ಬರಲ್ಲ ಅಂತ. ನೀನು ದಿನದಿನಕ್ಕೆ ಸೊರಗೋದು ನೋಡೋಕಾಗ್ತಿರಲಿಲ್ಲ ಕಣೆ.”

ತಂಗಿ ನಕ್ಕಳು. ನಗುತ್ತಾ ಕೆಮ್ಮಿದಳು. ಕೆಮ್ಮುತ್ತಾ ಅತ್ತಳು. ಬಾಡದಕ್ಕ ಹೊಸಿಲಾಚೆಗೆ ಕೈ ಚಾಚಿ ಅವಳ ಬೆನ್ನು ಸವರಿದಳು. ಇಷ್ಟು ಕಾಲ ತಾನು ಸಿಟ್ಟೆಂದುಕೊಂಡು ಕಾಯ್ದಿಟ್ಟದ್ದು ಬೇರೇನೋ ಆಗಿತ್ತು ಎಂದು ಅವಳಿಗೆ ಆಗ ತಿಳಿಯಿತು. ತಂಗಿಯ ಬಿಡುಗಡೆಯನ್ನು ಬಯಸಿದವರು ಇಬ್ಬರು, ಅದರ ಕೆಟ್ಟ ಹೆಸರು ಹೊತ್ತವಳು ಒಬ್ಬಳು.

ಮಳೆ ಹಿಡಿಯಿತು. ತಡಿಕೆ ಗಾಳಿಗೆ ಹಾರಿಹೋಯಿತು. ಇನ್ನೊಂದು ಕಟ್ಟಿದಳು, ಅದೂ ಹೋಯಿತು. ಇರಚಲು ಜಗಲಿಯ ಗೋಡೆಯವರೆಗೂ ಹೊಡೆಯುತ್ತಿತ್ತು. ತಂಗಿಯ ಚಾಪೆ ನೆನೆಯಿತು, ಕಂಬಳಿ ನೆನೆಯಿತು, ಅವಳ ಮೈ ಮಾತ್ರ ಕೆಂಡದ ಹಾಗೆ ಕಾಯತೊಡಗಿತು. ಕುಡಿಸಿದ ಕಷಾಯ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಪಕ್ಕದ ಮನೆಯವರು ತಮ್ಮ ತಮ್ಮ ಜಗಲಿಗಳಲ್ಲಿ ನಿಂತು ನೋಡುತ್ತಿದ್ದರು. ಮುರಿದವಳನ್ನು ತಮ್ಮ ಮನೆಗೆ ಕರೆಯಲು ಅವರಿಗೆ ಬಾಯಿಲ್ಲ, ಅವಳನ್ನು ಹಾಗೇ ನೋಡಲು ಕಣ್ಣೂ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಬಾಡದಕ್ಕ ದೀಪ ಹಿಡಿದು ಅಟ್ಟ ಹತ್ತಿದಳು. ಕಿಟಕಿಯ ಅಗುಳಿಯ ಮೇಲೆ ಕೈಯಿಟ್ಟಳು. ತೆರೆದರೆ ಮಳೆಯ ಗಾಳಿ ಬರುತ್ತದೆ, ತೇವ ಬರುತ್ತದೆ, ಒಂದಲ್ಲ ಒಂದು ದಿನ ಸೇವಂತಿಗೆ ತಾನಾಗಿ ಉದುರುತ್ತದೆ. ಯಾರೂ ಏನೂ ಅನ್ನುವ ಹಾಗಿಲ್ಲ. ಆದರೆ ಕೆಳಗೆ ತಂಗಿಯ ಹಲ್ಲು ಕಟಕಟ ಎನ್ನುವುದು ಅಟ್ಟದವರೆಗೂ ಕೇಳುತ್ತಿತ್ತು. ಅಷ್ಟು ದಿನ ಕಾಯುವ ಮೈಯಲ್ಲ ಅದು. ಅವಳು ಅಗುಳಿಯಿಂದ ಕೈ ತೆಗೆದು, ಅವ್ವನ ಕುಡಿಕೆಯಿಂದ ಹೂವನ್ನು ಎತ್ತಿಕೊಂಡಳು. ಅಷ್ಟು ಚಂದದ್ದನ್ನು ಅವಳ ಕೈ ಮತ್ತೆಂದೂ ಒಣಗಿಸಿರಲಿಲ್ಲ.

ಬಾಗಿಲಿಗೆ ಬಂದಾಗ ತಂಗಿ ಕಣ್ಣು ತೆರೆದು ನೋಡಿದಳು. ಅವಳಿಗೆ ಅರ್ಥವಾಯಿತು.

“ನನಗೆ ಕೊಡು ಅಕ್ಕ,” ಎಂದು ಕೈ ಚಾಚಿದಳು. “ನಾನು ಮುರಿತೀನಿ. ನನ್ನ ಜೊತೆ ಹೇಗೂ ಯಾರೂ ಮಾತಾಡಲ್ಲ. ಒಂದು ಮುರಿದವಳಿಗೆ ಇನ್ನೊಂದು ಹೆಚ್ಚಾ?”

ಒಂದು ಗಳಿಗೆ ಬಾಡದಕ್ಕನ ಕೈ ಮುಂದೆ ಹೋಯಿತು. ಕೊಟ್ಟುಬಿಟ್ಟರೆ ಊರು ತನ್ನ ಜೊತೆ ಮಾತಾಡುತ್ತದೆ. ನಾಳೆಯೂ ಅಕ್ಕಾ ಎನ್ನುತ್ತದೆ. ಆಮೇಲೆ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

“ಬೇಡ ಕಣೆ. ಆವತ್ತೂ ನೀನೊಬ್ಬಳೇ ಮುರಿದೆ. ಇದು ನಾನು ಕೊಟ್ಟ ಮಾತು. ನನ್ನ ಕೈಯೇ ಆಗಲಿ.”

ಅವಳು ಹೊಸಿಲ ಮೇಲೆ ನಿಂತಳು. ಎದುರು ಜಗಲಿಯವರು ಕೇಳುವಂತೆ, ಮಳೆಯ ಸದ್ದಿಗೂ ಮೇಲಾಗಿ, “ಅವ್ವಾ, ನಿನಗೆ ಕೊಟ್ಟ ಮಾತನ್ನ ನಾನೇ ಮುರಿತಿದ್ದೀನಿ. ಸಿಟ್ಟಿಗಲ್ಲ. ನೀನೂ ಅವಳನ್ನ ಹೆತ್ತವಳೇ, ಹೀಗೆ ಮಳೇಲಿ ನೋಡಿದ್ರೆ ನೀನೇ ಎದ್ದು ಬರ್ತಿದ್ದೆ,” ಎಂದಳು. ಅಂಗೈ ಮುಚ್ಚಿದಳು. ಒಣಎಸಳುಗಳು ಮುಷ್ಟಿಯೊಳಗೆ ಸರಪರ ಎಂದವು, ಆಮೇಲೆ ಸದ್ದಿಲ್ಲ. ಕೈ ಬಿಚ್ಚಿದಾಗ ಹಳದಿ ಪುಡಿ. ಸೂರಿನ ನೀರಿಗೆ ಅದನ್ನು ಒಡ್ಡಿದಳು.

ತಂಗಿಯನ್ನು ಎತ್ತಲು ಅವಳೊಬ್ಬಳಿಂದ ಆಗಲಿಲ್ಲ. ಆಗ ಬೀದಿಯಿಂದ ದೋಣಿಯವನು ಓಡಿ ಬಂದ. ಅವನು ಇಬ್ಬರಲ್ಲಿ ಯಾರ ಜೊತೆಯೂ ಮಾತಾಡುವ ಹಾಗಿರಲಿಲ್ಲ, ಮಾತಾಡಲಿಲ್ಲ. ತಂಗಿಯ ಹೆಗಲಿನ ಕೆಳಗೆ ಕೈ ಕೊಟ್ಟ. ಬಾಡದಕ್ಕ ಕಾಲು ಹಿಡಿದಳು. ಇಬ್ಬರೂ ಸೇರಿ ಅವಳನ್ನು ಹೊಸಿಲು ದಾಟಿಸಿ, ಒಲೆಯ ಪಕ್ಕ ಬೆಚ್ಚಗೆ ಮಲಗಿಸಿದರು. ದೋಣಿಯವನು ಒಲೆಗೆ ಎರಡು ಸೌದೆ ಸೇರಿಸಿ, ಬಂದ ಹಾಗೇ ಮಳೆಯಲ್ಲಿ ಹೊರಟುಹೋದ.

ಅವತ್ತಿನಿಂದ ಊರು ಬಾಡದಕ್ಕನ ಜೊತೆ ಮಾತು ಬಿಟ್ಟಿತು. ಅವಳಿಗೆ ಗೊತ್ತೇ ಇತ್ತು. ಗೊತ್ತಿದ್ದರೂ ನೋವು ಕಡಿಮೆಯೇನಾಗಲಿಲ್ಲ. ಉಪ್ಪು ಮಾರುವವಳು ಉಪ್ಪನ್ನು ಅಳೆದು ಕೊಡುತ್ತಿದ್ದಳು, ಕಣ್ಣು ಸೇರಿನ ಮೇಲೆ. ಬಾವಿಕಟ್ಟೆಯಲ್ಲಿ ಅವಳು ಬಂದರೆ ಮಾತು ನಿಲ್ಲುತ್ತಿತ್ತು, ಹೋದರೆ ಮತ್ತೆ ಶುರುವಾಗುತ್ತಿತ್ತು. ಅಕ್ಕಾ ಎಂಬ ಕರೆಗೆ ಅವಳ ಕಿವಿ ಎಷ್ಟು ಅಂಟಿಕೊಂಡಿತ್ತು ಎಂದರೆ, ಯಾರದೋ ಮನೆಯ ಮಗು ತನ್ನ ಅಕ್ಕನನ್ನು ಕರೆದರೂ ತಿರುಗಿ ನೋಡುತ್ತಿದ್ದಳು. ಮನೆಯೊಳಗೆ ಮಾತ್ರ ತಂಗಿ ಇದ್ದಳು. ಜ್ವರ ಇಳಿದಿತ್ತು, ಗಂಜಿ ರುಚಿಸತೊಡಗಿತ್ತು, ಜಗಳ ಆಡುವಷ್ಟು ಶಕ್ತಿ ಬಂದಿತ್ತು. ಒಲೆಯ ಮುಂದೆ ಕೂತು ಇಬ್ಬರೂ ಹಳೆಯದನ್ನೆಲ್ಲ ತೆಗೆದು ಬೈದಾಡುತ್ತಿದ್ದರು, ನಗಾಡುತ್ತಿದ್ದರು.

ಆದರೆ ಊರಿನ ಕುಡಿಕೆಗಳು ಇನ್ನೂ ಅವಳ ಅಟ್ಟದಲ್ಲೇ ಇದ್ದವು. ಮುರಿದವಳ ಮನೆಯಲ್ಲಿ ಇಡುವುದು ಹೇಗೆ? ವಾಪಸು ಕೇಳುವುದು ಹೇಗೆ? ಮೊದಲು ಬಂದವಳು ನೇಕಾರನ ಹೆಂಡತಿ. ಅಂಗಳದಲ್ಲಿ ನಿಂತು, ಸೆರಗು ಸರಿಮಾಡಿಕೊಂಡು, ಬಾಗಿಲನ್ನು ನೋಡುತ್ತಾ ಹೇಳಿದಳು, “ಬಾಗಿಲೇ, ನಮ್ಮನೆ ಕುಡಿಕೆ ನಿನ್ನೊಳಗಿದೆ. ತಗೊಂಡು ಹೋಗೋಣ ಅಂತ ಬಂದೆ.”

ಬಾಡದಕ್ಕ ಕುಡಿಕೆ ತಂದು ಹೊಸಿಲ ಮೇಲಿಟ್ಟಳು. ಅವಳೂ ಕುಡಿಕೆಯನ್ನೇ ನೋಡುತ್ತಾ, “ಕುಡಿಕೆಯೇ, ಅಲ್ಲಿ ಒಲೆ ಪಕ್ಕ ಹೊಗೆ ಜಾಸ್ತಿ. ನೀನು ಬಹಳ ದಿನ ಬಾಳಲ್ಲ,” ಎಂದಳು.

“ಬಾಗಿಲೇ, ಬಾಳೋದು ಬೇಡ ಅಂತಲೇ ತಗೊಂಡು ಹೋಗ್ತಿರೋದು,” ಎಂದು ನೇಕಾರನ ಹೆಂಡತಿ ಕಿಸಕ್ಕನೆ ನಕ್ಕು, ಕುಡಿಕೆಯನ್ನು ಸೊಂಟಕ್ಕಿಟ್ಟುಕೊಂಡು ಹೋದಳು.

ಒಬ್ಬರಾದ ಮೇಲೆ ಒಬ್ಬರು ಬಂದರು. ಎಲ್ಲರೂ ಬಾಗಿಲಿನ ಜೊತೆಯೇ ಮಾತಾಡಿದರು. ಕುಡಿಕೆ ಒಯ್ದ ಮೇಲೂ ಕೆಲವರು ಬರುತ್ತಿದ್ದರು. ಬಾಗಿಲೇ, ಸೊಸೆಗೆ ಮೂರು ತಿಂಗಳು. ಬಾಗಿಲೇ, ರಾತ್ರಿ ಕಾಲುನೋವಿಗೆ ನಿದ್ದೆಯಿಲ್ಲ. ಒಳಗಿಂದ ತಂಗಿ ಮೆಲ್ಲಗೆ, “ಈ ಬಾಗಿಲಿಗೆ ಹೇಳಿದಷ್ಟನ್ನ ಇವರು ತಮ್ಮ ಗಂಡಂದಿರಿಗೂ ಹೇಳಿರಲ್ಲ,” ಎನ್ನುತ್ತಿದ್ದಳು. ದೋಣಿಯವನ ಅತ್ತಿಗೆಯೂ ಬಂದು ತನ್ನ ಕುಡಿಕೆ ಒಯ್ದಳು. ಚೆಂಡುಹೂವು ಉದುರಿದ್ದು ಮುಂದಿನ ಮಳೆಗಾಲದಲ್ಲಿ. ಆ ವರ್ಷದ ತಿಥಿಗೆ ದೋಣಿಯವನು ಪಂಕ್ತಿಯಲ್ಲಿ ಕೂತ. ಪಕ್ಕದಲ್ಲಿ ಅಣ್ಣನ ಹೆಸರಿಗೆ ಒಂದು ಎಲೆ ಹಾಕಿಸಿ, ತನ್ನ ಎಲೆಯ ಅನ್ನವನ್ನು ಕಣ್ಣೀರು ಒರೆಸಿಕೊಳ್ಳುತ್ತಾ ಒಂದಗುಳೂ ಬಿಡದೆ ಉಂಡ.

ಬಾಡದಕ್ಕ ಒಣಗಿಸುವುದನ್ನು ಬಿಟ್ಟಿದ್ದಳು. ತಂದುಕೊಡುವವರೂ ಇರಲಿಲ್ಲ. ಕೀಳುವವರಿಲ್ಲದೆ ಅವಳ ಅಂಗಳದ ಗಿಡಗಳು ಬೇಲಿ ಮೀರಿ ಬೆಳೆದು, ಅರಳಿ, ಉದುರಿ, ಬಿದ್ದಲ್ಲೇ ಮತ್ತೆ ಹುಟ್ಟಿದವು.

ಒಂದು ಬೆಳಗ್ಗೆ ಬೀದಿಯ ಆ ತುದಿಯಿಂದ ಕೂಗು ಕೇಳಿತು. “ಹೂವು ಬಿತ್ತು ಕಣ್ರೀ!” ನೇಕಾರನ ಹೆಂಡತಿಯ ದನಿ. ಮದುವೆಯ ಹೂವು ಗಂಜಿಯ ಪಾತ್ರೆಗೇ ಬಿದ್ದಿತ್ತಂತೆ. ಬೀದಿಯವರೆಲ್ಲ ಹೊರಗೆ ಬಂದರು. ಇಂಥ ಕೂಗು ಕೇಳಿ ಎಷ್ಟೋ ಕಾಲವಾಗಿತ್ತು. ನೇಕಾರ ಮಗ್ಗದಿಂದೆದ್ದು ಹಿತ್ತಲಿಗೆ ಓಡಿದ. ಹಿತ್ತಲಿನಲ್ಲಿ ಒಂದು ಹೂವಿನ ಗಿಡವೂ ಇರಲಿಲ್ಲ. ಅಕ್ಕಪಕ್ಕದವರ ಹಿತ್ತಲಿನಲ್ಲೂ ಇರಲಿಲ್ಲ. ಅವನು ಪಂಚೆ ಎತ್ತಿ ಕಟ್ಟಿಕೊಂಡು, ಬೀದಿಯುದ್ದ ಓಡಿ, ಬಾಡದಕ್ಕನ ಬೇಲಿಯ ಮುಂದೆ ಏದುಸಿರು ಬಿಡುತ್ತಾ ನಿಂತ.

“ಅಕ್ಕಾ, ಅಕ್ಕಾ, ಒಂದು ಹೂವು ಕೊಡಿ! ಬೇಗ ಕೊಡಿ, ಅವಳು ಅಂಗಳದಲ್ಲೇ ನಿಂತಿದ್ದಾಳೆ!”

ಬೀದಿ ಗಪ್ಪೆಂದಿತು. ಅವನು ಬಾಗಿಲಿನ ಜೊತೆ ಮಾತಾಡಿರಲಿಲ್ಲ. ಆಡಿದ ಮೇಲೆ ಅವನಿಗೂ ಗೊತ್ತಾಗಿ ಬಾಯಿ ಮುಚ್ಚಿಕೊಂಡ. ಬಾಡದಕ್ಕ ಪೊರಕೆ ಹಿಡಿದು ಅಂಗಳದ ನಡುವೆ ನಿಂತಿದ್ದಳು. 

“ಯಾವುದು ಬೇಕೋ ನೋಡಿ ಕಿತ್ಕೋಪ್ಪ.”

ನೇಕಾರ ಬೇಲಿ ದಾಟಿ ಒಳಗೆ ಬಂದ. ಆ ಗಿಡ ನೋಡಿದ, ಈ ಗಿಡ ನೋಡಿದ. “ಯಾವುದು ಹೆಚ್ಚು ದಿನ ಬರತ್ತೆ ಅಕ್ಕಾ?” ಎಂದು ಕೇಳಿದ.

ಬಾಗಿಲಲ್ಲಿ ನಿಂತಿದ್ದ ತಂಗಿ ಕೂಗಿದಳು, “ಹೆಚ್ಚು ದಿನದ್ದು ಯಾಕೆ? ಅವಳಿಗೆ ಯಾವುದು ಇಷ್ಟವೋ ಅದನ್ನ ಕಿತ್ಕೋ.”

ನೇಕಾರ ಗಿಡಗಳನ್ನೆಲ್ಲ ಇನ್ನೊಮ್ಮೆ ನೋಡಿದ. ಅವನಿಗೆ ಗೊತ್ತಿರಲಿಲ್ಲ. ಕಿವಿ ಕೆಂಪಗಾಯಿತು. ಬೇಲಿಯವರೆಗೂ ಬಂದು, ಬೀದಿಯ ಆ ತುದಿಗೆ ಕೇಳುವಂತೆ ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಿದ, “ಲೇ! ನಿನಗೆ ಯಾವ ಹೂವು ಇಷ್ಟಾನೇ?”

ಆ ತುದಿಯಿಂದ ಅವಳೇನೋ ಹೇಳಿದಳು. ಇಲ್ಲಿಗೆ ಕೇಳಲಿಲ್ಲ. ಅಲ್ಲಿದ್ದ ಮುದುಕಿ ಅದನ್ನು ಪಕ್ಕದ ಜಗಲಿಯವನಿಗೆ ಹೇಳಿದಳು, ಅವನು ಮುಂದಿನ ಅಂಗಳದವಳಿಗೆ ಹೇಳಿದ, ಅವಳು ಬಾವಿಕಟ್ಟೆಯವರಿಗೆ ಹೇಳಿದಳು. ಮಾತು ಬಾಯಿಂದ ಬಾಯಿಗೆ ದಾಟುತ್ತಾ ಬೀದಿಯುದ್ದ ಬಂತು. ಎದುರು ಮನೆಯವಳ ಹತ್ತಿರ ಬಂದು ಅದು ಒಂದು ಗಳಿಗೆ ನಿಂತಿತು. ಅವಳು ಅತ್ತ ಇತ್ತ ನೋಡಿದಳು. ಆಮೇಲೆ ಬಾಗಿಲನ್ನಲ್ಲ, ಬಾಡದಕ್ಕನ ಮುಖವನ್ನೇ ನೋಡುತ್ತಾ ಹೇಳಿದಳು.

“ಅಕ್ಕಾ, ಅವಳಿಗೆ ಗೊರಟೆಯಂತೆ. ಗೊರಟೆ ಇದೆಯಾ?”

“ಇದೆ,” ಎಂದಳು ಬಾಡದಕ್ಕ. ದನಿ ಒಡೆದು ಅದು ಯಾರಿಗೂ ಕೇಳಿಸಲಿಲ್ಲ. ಪೊರಕೆಯನ್ನು ಕೆಳಗೆ ಹಾಕಿ, ಬೇಲಿಯ ಹತ್ತಿರ ಬಂದು, ಇಡೀ ಬೀದಿಗೆ ಕೇಳುವಂತೆ ಇನ್ನೊಮ್ಮೆ ಹೇಳಿದಳು.

“ಇದೆ, ಬೇಕಾದಷ್ಟಿದೆ. ಬನ್ನಿ.”